ನೂರ ಹದಿಮೂರು ಕಲ್ಲಿನ ಭಾನುವಾರ

ಜೋಡಿ ಟಿಕೆಟ್ ಬೇಡ ಅಂತ ಮೂರು ಸಲ ಹೇಳಿದೆ.

"ಬಿಡಿ ಟಿಕೆಟ್ ಪುಸ್ತಕ ಮುಗಿದಿದೆ," ಅಂದರು ಕಿಟಕಿಯ ಆ ಕಡೆ ಕೂತಿದ್ದ ಟಿಕೆಟ್ ಅಕ್ಕ. "ಜೋಡಿ ಇದೆ, ಗುಂಪು ಇದೆ. ನೀವು ಗುಂಪಲ್ಲ."

"ನಾವು ಜೋಡೀನೂ ಅಲ್ಲ. ಕೆಲಸಕ್ಕೆ ಬಂದಿದ್ದೀವಿ. ನಾನು ನಿಮಗೆ ಗೊತ್ತಿಲ್ವಾ? ಪ್ರತಿ ಗುರುವಾರ ಬರ್ತೀನಲ್ಲ."

"ಗೊತ್ತು. ಇವತ್ತು ಭಾನುವಾರ. ಭಾನುವಾರ ಕೆಲಸದವರಿಗೆ ಪ್ರವೇಶ ಇಲ್ಲ, ನೋಡೋಕೆ ಬಂದವರಿಗೆ ಮಾತ್ರ. ನೋಡೋಕೆ ಬಂದಿದ್ದೀರಾ?"

ನಾನು ಪಕ್ಕಕ್ಕೆ ತಿರುಗಿದೆ. ಮೇಸ್ತ್ರಿ ಒಂದು ಕಣ್ಣು ಮುಚ್ಚಿಕೊಂಡು ಟಿಕೆಟ್ ಮನೆಯ ಮೂಲೆಯನ್ನು ನೋಡುತ್ತಿದ್ದ. ಅದು ನೆಟ್ಟಗಿದೆಯೋ ಇಲ್ಲವೋ ಎನ್ನುವುದು ಆ ಹೊತ್ತಿಗೆ ಅವನಿಗೆ ಜಗತ್ತಿನ ಅತಿ ಮುಖ್ಯ ವಿಷಯ.

"ಹೇಳಿ," ಅಂದೆ.

"ಏನು?"

"ನೋಡೋಕೆ ಬಂದಿದ್ದೀವಿ ಅಂತ ಹೇಳಿ."

ಮುಚ್ಚಿದ ಕಣ್ಣನ್ನು ತೆರೆಯದೆ ಹಾಗೇ ನನ್ನ ಕಡೆ ತಿರುಗಿದ. "ನಾನಂತೂ ನೋಡೋಕೇ ಬಂದಿದ್ದೀನಿ," ಅಂದ.

ಟಿಕೆಟ್ ಅಕ್ಕ ಸೀಲು ಒತ್ತಿದರು, ಬೇಕಾದದ್ದಕ್ಕಿಂತ ಜೋರಾಗಿ.

ವಿಷಯ ಇಷ್ಟು. ಬೆಟ್ಟದ ಮೇಲಿನ ಕೋಟೆ ಆರುನೂರು ವರ್ಷದ್ದು. ಅದರಲ್ಲಿ ಕೊನೆಯ ಇನ್ನೂರು ವರ್ಷವನ್ನು ಬೀಳುವುದರಲ್ಲೇ ಕಳೆದಿದೆ. ಹೆಬ್ಬಾಗಿಲ ಕಮಾನಿನ ಮೇಲಿನ ಗೋಡೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಅದನ್ನು ಬಿಚ್ಚಿ, ಅವೇ ಕಲ್ಲುಗಳನ್ನು ಅವೇ ಜಾಗದಲ್ಲಿ ಮತ್ತೆ ಕೂರಿಸಬೇಕು. ನಾನು ಗೋಡೆಯ ನಕ್ಷೆ ಬರೆದು ಪ್ರತಿ ಕಲ್ಲಿಗೂ ಒಂದು ನಂಬರ್ ಕೊಡುವವಳು. ಅವನು ಆ ನಂಬರನ್ನು ಕಲ್ಲಿನ ಮೇಲೆ ಬಣ್ಣದಲ್ಲಿ ಬರೆದು, ಕೆಳಗಿಳಿಸಿ, ಅಂಗಳದ ಹುಲ್ಲಿನ ಮೇಲೆ ಸಾಲಾಗಿ ಮಲಗಿಸುವವನು. ಒಂದೊಂದು ಸಾಲಿಗೆ ಅವನ ಕಡೆಯವರು ವರಸೆ ಅನ್ನುತ್ತಾರೆ. ಕ, ಖ, ಗ, ಘ, ಚ, ಛ, ಜ ಅಂತ ಏಳು ವರಸೆ, ನೂರ ಹದಿಮೂರು ಕಲ್ಲು.

ನಾನು ಗೋಡೆಯ ಹೊರಗೆ ನಿಂತು ಎಡದಿಂದ ಎಣಿಸಿದ್ದೆ. ಅವನು ಗೋಡೆಯ ಒಳಗೆ ನಿಂತು ಎಡದಿಂದ ಎಣಿಸಿದ್ದ.

ಶುಕ್ರವಾರ ಸಂಜೆ ಒಂದು ಫೋಟೊದಲ್ಲಿ ಮೂಲೆಗಲ್ಲು ತಪ್ಪು ತುದಿಯಲ್ಲಿ ಹಾಯಾಗಿ ಮಲಗಿರುವುದು ಕಂಡಿತು. ಸೋಮವಾರ ಬೆಳಿಗ್ಗೆ ಕಲ್ಲು ಏರಿಸಲು ಕ್ರೇನು ಬರುತ್ತದೆ. ನಮ್ಮ ಇಂಜಿನಿಯರ್ ಸಾಹೇಬರಿಗೆ ಫೋನ್ ಮಾಡಿದೆ. ಅವರು ಕಿರುಚಲಿಲ್ಲ, ಅದೇ ಹೆದರಿಕೆ. "ಭಾನುವಾರ ಇಬ್ಬರೂ ಹೋಗಿ ಸರಿ ಮಾಡಿ. ತಪ್ಪು ಯಾರದು ಅಂತ ನನಗೆ ಬರೆದು ಕಳಿಸಿ. ಆ ಮನುಷ್ಯ ಸೋಮವಾರದಿಂದ ಕೋಟೆ ಹತ್ತೋದು ಬೇಡ."

ನಾನು ಶನಿವಾರವೇ ಬರೆದು ಕಳಿಸಿದ್ದೆ. ಎರಡು ಸಾಲಿನ ಮೇಲ್, ಜೊತೆಗೆ ಫೋಟೊ. ನಕ್ಷೆ ಸರಿಯಾಗಿದೆ. ಮೇಸ್ತ್ರಿಯವರು ಗೋಡೆಯ ಹಿಂಬದಿಯಿಂದ ಎಣಿಸಿದ್ದಾರೆ. ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕಳಿಸಿ ಚೆನ್ನಾಗಿಯೇ ನಿದ್ದೆ ಮಾಡಿದೆ, ನಾಲ್ಕು ಸಲ ಎದ್ದು ನೀರು ಕುಡಿದದ್ದನ್ನು ಬಿಟ್ಟರೆ.

ಈ ಮೇಲ್ ವಿಷಯ ಅವನಿಗೆ ಗೊತ್ತಿರಲಿಲ್ಲ.

"ತಿರುಗಿಸಿ ಎಣಿಸಿದ್ರೆ ಆಯ್ತಪ್ಪ, ಅದಕ್ಕೆ ಭಾನುವಾರ ಯಾಕೆ ಹಾಳು ಮಾಡ್ಕೋತೀಯ?" ಅಂದಿದ್ದಳು ಅಮ್ಮ ಬೆಳಿಗ್ಗೆ.

"ಅಷ್ಟು ಸುಲಭ ಇಲ್ಲಮ್ಮ. ಮೊದಲೆರಡು ವರಸೆ ಸರಿ ಇದೆ, ಆಮೇಲೆ ಉಲ್ಟಾ ಆಗಿದೆ. ಮಧ್ಯ ಮಧ್ಯ ಆತ ಇನ್ನೇನು ಮಾಡಿಟ್ಟಿದ್ದಾನೋ. ಒಂದೊಂದನ್ನೂ ಟೇಪ್ ಹಿಡಿದು ನೋಡ್ಬೇಕು."

"ಆತ ಅಂದ್ರೆ ಆ ಮೇಸ್ತ್ರೀನಾ?"

"ಹೂಂ."

"ಕಲ್ಲು ಅಳೆಯೋಕೆ ಹೋಗೋರು ತುಟಿಗೆ ಬಣ್ಣ ಹಚ್ಕೊಂಡು ಹೋಗ್ತಾರಾ?"

ಒರೆಸಿಕೊಂಡು ಹೊರಟೆ. ಬಸ್ಸಿನಲ್ಲಿ ಮತ್ತೆ ಹಚ್ಚಿಕೊಂಡೆ. ನನ್ನ ಮೇಲೆ ನನಗೇ ರೇಗಿತು.

ಬೆಟ್ಟದ ದಾರಿಯಲ್ಲಿ ಅವನು ಮುಂದೆ, ನಾನು ಹಿಂದೆ. ನನ್ನ ಹೆಗಲಿಗೆ ನಕ್ಷೆಗಳ ಕೊಳವೆ, ಅವನ ಹೆಗಲಿಗೆ ಬಣ್ಣದ ಡಬ್ಬಿ, ಕುಂಚ, ಟೇಪು ತುಂಬಿದ ಚೀಲ. ಗಾಳಿ ನಮ್ಮಿಬ್ಬರನ್ನೂ ಒಂದೇ ಕಡೆಗೆ ತಳ್ಳುತ್ತಿತ್ತು, ಕೆಳಕ್ಕೆ.

"ಆ ಕೊಳವೆ ಕೊಡಿ, ನಾನು ಹಿಡ್ಕೊತೀನಿ."

"ಬೇಡ. ನಿಮ್ಮ ಕೈಗೆ ಕೊಟ್ಟರೆ ಅದೂ ಉಲ್ಟಾ ಆಗಿ ವಾಪಸ್ ಬರುತ್ತೆ."

ಅವನು ನಕ್ಕ. ಇದೇ ನನಗೆ ಆಗದ್ದು. ನಾನು ಕಷ್ಟಪಟ್ಟು ಒಂದು ಕುಹಕ ಹೊಂದಿಸಿ ಎಸೆದರೆ ಅದನ್ನು ಹಣ್ಣಿನ ಹಾಗೆ ಹಿಡಿದುಕೊಂಡು ಸಂತೋಷಪಡುತ್ತಾನೆ. ಏನು ಕೇಳಿದರೂ "ನೋಡೋಣ" ಅನ್ನುತ್ತಾನೆ. ಗೋಡೆ ಯಾವಾಗ ಮುಗಿಯುತ್ತೆ? ನೋಡೋಣ. ಮಳೆ ಬಂದರೆ? ನೋಡೋಣ. ಎದುರಿಗೆ ನಿಂತಾಗ ಬಾಯಲ್ಲಿ ಎರಡು ಪದಕ್ಕಿಂತ ಹೆಚ್ಚಿರುವುದಿಲ್ಲ. ಕಾಗದ ಕೊಟ್ಟರೆ ಮಾತ್ರ ಮನುಷ್ಯ ಬೇರೆಯೇ.

ಕಾಗದದ ಕಥೆ ಹೇಳಲೇಬೇಕು. ಸಾಹೇಬರದೊಂದು ನಿಯಮವಿದೆ: ಕೆಲಸದ ಜಾಗದಲ್ಲಿ ಬಾಯಿ ಮಾತು ನಡೆಯುವುದಿಲ್ಲ. ಯಾವುದೋ ಹಳೆಯ ಸೇತುವೆಯ ಕೆಲಸದಲ್ಲಿ ನೀವು ಹೇಳಿದಿರಿ, ನಾನು ಹೇಳಲಿಲ್ಲ ಎಂಬ ಜಗಳ ಮೂರು ವರ್ಷ ನಡೆದ ಮೇಲೆ ಅವರು ಇದನ್ನು ತಂದರಂತೆ. ಮೇಸ್ತ್ರಿ ಏನು ಕೇಳಬೇಕಿದ್ದರೂ ನಕ್ಷೆಯ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದು, ತಾರೀಖು ಹಾಕಿ, ಮುಂದಿನ ಗುರುವಾರ ನನಗೆ ವಾಪಸ್ ಕೊಡಬೇಕು. ನಾನು ಓದಿ ಉತ್ತರ ಬರೆಯಬೇಕು. ಉತ್ತರ ಬರದಿದ್ದರೆ ಒಪ್ಪಿಗೆ ಎಂದು ಲೆಕ್ಕ.

ಎರಡನೇ ಶೀಟಿನ ಅಂಚಿನಲ್ಲಿ ಬರೆದಿದ್ದ: "ಗೋಡೆ ಇಷ್ಟು ನೆಟ್ಟಗಿಲ್ಲ ಮೇಡಂ. ನಿಮ್ಮ ಸ್ಕೇಲು ಬಹಳ ಒಳ್ಳೆಯ ಮನಸ್ಸಿನದು." ಮೂರನೆಯದರಲ್ಲಿ: "ಗೋಡೆಯ ಬಿರುಕಿನಲ್ಲಿರುವ ಹಕ್ಕಿಗೂಡನ್ನು ಬಿಟ್ಟಿದ್ದೀರಿ. ಅದಕ್ಕೂ ನಂಬರ್ ಕೊಡಲೇ?" ಅದಕ್ಕೆ ನಾನು "ಅಸಂಬದ್ಧ" ಎಂದು ಉತ್ತರ ಬರೆದು, ಶೀಟಿನ ಮೇಲೆ ಗೂಡನ್ನೂ ಬರೆದೆ. ನಾಲ್ಕನೆಯದರಲ್ಲಿ: "ಈ ಗುರುವಾರ ಹಸಿರು ಕೋಟು ಹಾಕಿರಲಿಲ್ಲ. ಕಲ್ಲುಗಳು ಕೇಳಿದವು."

ಅದನ್ನು ಎಷ್ಟು ಸಲ ಓದಿದೆ ಎಂದು ಇಲ್ಲಿ ಹೇಳುವುದಿಲ್ಲ. ಆಮೇಲಿಂದ ಶೀಟು ವಾಪಸ್ ಬಂದ ಕೂಡಲೇ ಅಂಚನ್ನು ಹಿಂದಕ್ಕೆ ಮಡಚಿ, ಪಿನ್ನು ಹೊಡೆದು, ಕೊಳವೆಗೆ ತುರುಕುತ್ತಿದ್ದೆ. ನನಗೆ ಕೆಲಸ ಇತ್ತು.

ಅಂಗಳದಲ್ಲಿ ಗೋಡೆ ಹುಲ್ಲಿನ ಮೇಲೆ ಅಂಗಾತ ಮಲಗಿತ್ತು. ಅದರ ಮೇಲೊಬ್ಬ ಹೊಸ ಮದುಮಗ ಸೊಂಟಕ್ಕೆ ಕೈ ಇಟ್ಟು ನಿಂತಿದ್ದ; ಹೆಂಡತಿ ಫೋಟೊ ತೆಗೆಯುತ್ತಿದ್ದಳು.

"ಅಣ್ಣಾ, ಸ್ವಲ್ಪ ಕೆಳಗಿಳೀರಿ," ಅಂದ ಮೇಸ್ತ್ರಿ. "ಅದು ಗೋಡೆ."

"ಗೋಡೆ ಅಲ್ಲಿದೆಯಲ್ಲ?"

"ಇದೂ ಗೋಡೆನೇ. ಮಲಗಿದೆ."

ಮದುಮಗ ಪಾಪ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಇಳಿದ.

ಶುರು ಮಾಡಿದೆವು. ನಾನು ನಕ್ಷೆ ನೋಡಿ ಅಳತೆ ಕೂಗುವುದು, ಅವನು ಮಂಡಿಯೂರಿ ಟೇಪು ಹಿಡಿಯುವುದು. ಹೊಂದಿದರೆ ಹಳೆಯ ನೀಲಿ ನಂಬರಿಗೆ ಅಡ್ಡಗೆರೆ, ಪಕ್ಕದಲ್ಲಿ ಕೆಂಪು ನಂಬರು.

"ಗ-ನಾಲ್ಕು. ಅಗಲ ನಲವತ್ತೆರಡು, ಎತ್ತರ ಮೂವತ್ತು."

"ನಲವತ್ತೆರಡು. ಮೂವತ್ತು. ಕಿವಿ ಮುರಿದಿದೆ."

"ಕಲ್ಲಿಗೆ ಕಿವಿ ಇರಲ್ಲ. ಮೂಲೆ ಅನ್ನಿ."

"ಮೂಲೆ ಮುರಿದಿದೆ. ಅದಕ್ಕೇ ನಿಮ್ಮ ಮಾತು ಕೇಳಿಸ್ತಿಲ್ಲ."

ಗ-ಒಂಬತ್ತರ ಮೇಲೆ ಒಬ್ಬ ಅಜ್ಜಿ ಕೂತಿದ್ದರು, ಕೈಯಲ್ಲಿ ಮೊಬೈಲು. ಮೊಮ್ಮಗಳಿಗೆ ಕೋಟೆ ತೋರಿಸಬೇಕಂತೆ, ಸಿಗ್ನಲ್ ಸಿಗುತ್ತಿಲ್ಲವಂತೆ.

"ಅಜ್ಜಿ, ಸ್ವಲ್ಪ ಏಳ್ತೀರಾ? ಆ ಕಲ್ಲು ಅಳೀಬೇಕಿತ್ತು," ಅಂದೆ.

"ಕೂತ್ರೆ ಏನಾಗುತ್ತೆ? ಆರುನೂರು ವರ್ಷ ಇದರ ಮೇಲೆ ಗೋಡೆನೇ ಕೂತಿತ್ತಂತಲ್ಲ."

ಅಜ್ಜಿಯನ್ನು ಮೇಸ್ತ್ರಿ ಕೈ ಹಿಡಿದು ಎಬ್ಬಿಸಿ, ಮುರಿದ ಬುರುಜಿನ ಮೆಟ್ಟಿಲು ತೋರಿಸಿದ. "ಐದನೇ ಮೆಟ್ಟಿಲ ಮೇಲೆ ನಿಂತ್ರೆ ಸಿಗುತ್ತೆ. ನಾಲ್ಕರಲ್ಲಿ ಸಿಗಲ್ಲ, ಆರರಲ್ಲಿ ಹೋಗುತ್ತೆ." ಇಡೀ ಕೋಟೆಯಲ್ಲಿ ಹೊರಗಿನ ಪ್ರಪಂಚಕ್ಕೆ ಇದ್ದದ್ದು ಆ ಒಂದೇ ಮೆಟ್ಟಿಲು.

ಮಧ್ಯಾಹ್ನದ ಹೊತ್ತಿಗೆ ಐವತ್ತು ಕಲ್ಲು ಮುಗಿದಿತ್ತು. ಅವನು ಕಿತ್ತಳೆ ಸುಲಿದ. ಸಿಪ್ಪೆ ಎಲ್ಲೂ ಹರಿಯದೆ ಒಂದೇ ಉದ್ದದ ಪಟ್ಟಿಯಾಗಿ ಬಂತು. ಅದಕ್ಕೂ ನನಗೆ ರೇಗಿತು. ಅರ್ಧ ಹಣ್ಣನ್ನು ಕೇಳದೆ ನನ್ನ ಅಂಗೈ ಮೇಲಿಟ್ಟ. ಆಮೇಲೆ ಅದೇ ಒಂದು ಕಣ್ಣು ಮುಚ್ಚಿ, ತೂಗುಗುಂಡು ಬಿಟ್ಟು ಗೋಡೆ ನೋಡುವವನ ಹಾಗೆ ನನ್ನನ್ನು ನೆತ್ತಿಯಿಂದ ಪಾದದವರೆಗೆ ಒಂದು ಗೆರೆಯಲ್ಲಿ ನೋಡಿದ.

"ಏನು? ವಾಲಿದ್ದೀನಾ?"

"ಸ್ವಲ್ಪ."

"ಯಾವ ಕಡೆ?"

"ಈ ಕಡೆ," ಅಂದ, ತನ್ನ ಕಡೆ ತೋರಿಸಿ.

ಕಿತ್ತಳೆಯ ಬೀಜ ಗಂಟಲಲ್ಲಿ ಸಿಕ್ಕಿಕೊಂಡಿತು. ಅವನು ನೀರಿನ ಬಾಟಲಿ ಕೊಟ್ಟ. ಕುಡಿಯುವಾಗ ಆ ಎರಡು ಸಾಲಿನ ಮೇಲ್ ಅಕ್ಷರ ಅಕ್ಷರವಾಗಿ ನೆನಪಾಯಿತು. ನಾಳೆ ಬೆಳಿಗ್ಗೆ ಈ ಮನುಷ್ಯನಿಗೆ ಸಾಹೇಬರು ಹೇಳುತ್ತಾರೆ, ಚೀಲ ಕಟ್ಟಿಕೋ ಅಂತ. ತಪ್ಪು ಅವನದೇ ಅಲ್ಲವಾ? ಅವನದೇ. ಬಾಟಲಿಯ ಮುಚ್ಚಳವನ್ನು ಉಲ್ಟಾ ತಿರುಗಿಸುತ್ತಿದ್ದೆ.

ಛ ವರಸೆಯಲ್ಲಿ ಒಂದು ಕಲ್ಲು ಹೆಚ್ಚಾಯಿತು.

"ನಕ್ಷೇಲಿ ಹದಿನೇಳಿದೆ, ಇಲ್ಲಿ ಹದಿನೆಂಟಿದೆ," ಅಂದೆ. "ಕಲ್ಲು ಮರಿ ಹಾಕಿತಾ?"

"ಹನ್ನೊಂದನೇದು ಒಡೆದಿತ್ತು. ಒಡೆದದ್ದನ್ನ ಎರಡು ಅಂತ ಎಣಿಸ್ತೀನಿ ಅಂತ ಬರೆದಿದ್ದೆ."

"ಎಲ್ಲಿ?"

"ಶೀಟಲ್ಲಿ."

ನಾನು ಕೊಳವೆಯ ಕಡೆ ನೋಡಿದೆ.

"ಗೋಡೆ ಒಳಗಿನಿಂದ ಎಣಿಸ್ತೀನಿ ಅಂತಾನೂ ಬರೆದಿದ್ದೆ," ಅಂದ ಮೆಲ್ಲಗೆ, ಬೇರೆಯವರ ಮನೆಯ ಗಾಜಿನ ಲೋಟ ಕೆಳಗಿಡುವ ಹಾಗೆ.

ಕೊಳವೆಯ ಮುಚ್ಚಳ ತೆಗೆದೆ. ಐದನೇ ಶೀಟು ಹುಡುಕಿ, ಉಗುರಿನಿಂದ ಪಿನ್ನು ಕಿತ್ತು, ಮಡಿಕೆ ಬಿಡಿಸಿದೆ. ಪುಟ್ಟ ಪುಟ್ಟ ಗುಂಡಗಿನ ಅಕ್ಷರ. "ಮೂರನೇ ವರಸೆಯಿಂದ ಸಾರವೆ ಗೋಡೆಯ ಒಳಬದಿಗೆ ಬಂದಿದೆ. ಹೊರಗೆ ನಿಲ್ಲಲು ಜಾಗವಿಲ್ಲ. ನಂಬರನ್ನು ಒಳಗಿನ ಎಡದಿಂದ ಶುರು ಮಾಡಲೇ? ಬೇಡವೆಂದರೆ ಮುಂದಿನ ಗುರುವಾರದೊಳಗೆ ತಿಳಿಸಿ." ತಾರೀಖು. ಸಹಿ.

ಮರದ ಕಂಬ ಕಟ್ಟಿ ಹಲಗೆ ಹಾಸಿದ ಆ ಸಾರವೆಯನ್ನು ನಾನು ಐದು ಗುರುವಾರ ನೋಡಿದ್ದೆ. ಗೋಡೆಯ ಒಳಬದಿಯಲ್ಲಿ ಅದು ಎದ್ದು ನಿಂತಿತ್ತು. ಅದರ ಮೇಲೆ ನಿಂತವನನ್ನು ನೋಡುತ್ತಿದ್ದೆನೇ ಹೊರತು, ಅವನು ಯಾವ ಕಡೆ ನಿಂತಿದ್ದಾನೆಂದು ನೋಡಲಿಲ್ಲ.

"ಆರನೇದರಲ್ಲಿ ಒಡೆದ ಕಲ್ಲಿನ ವಿಷಯ ಇದೆ," ಅಂದ. "ಅಲ್ಲಿಗೆ ಸಾಕು. ಉಳಿದದ್ದು ಕೊಡಿ."

"ಯಾಕೆ?"

"ಅದರಲ್ಲಿ ಕೆಲಸದ ವಿಷಯ ಇಲ್ಲ."

ಅವನ ಕಿವಿಗಳು ಬಣ್ಣದ ಡಬ್ಬಿಯಷ್ಟು ಕೆಂಪಗಿದ್ದವು. ನಾನು ಬೆನ್ನು ತಿರುಗಿಸಿ ಏಳನೆಯದರ ಪಿನ್ನು ಕಿತ್ತೆ.

"ಮೇಡಂ, ನೀವು ಅಂಚು ಓದುತ್ತಿಲ್ಲವೇನೋ ಎಂಬ ಅನುಮಾನ. ಇದು ಪರೀಕ್ಷೆ: ಬುರುಜು ಬಿದ್ದುಹೋಗಿದೆ. ಇಬ್ಬರು ರಾಜರು ಗಾಯಗೊಂಡಿದ್ದಾರೆ."

ಎಂಟನೆಯದು. "ಬುರುಜಿನ ಬಗ್ಗೆ ನೀವು ಏನೂ ಕೇಳಲಿಲ್ಲ. ಓದುತ್ತಿಲ್ಲ, ಖಚಿತ. ಹಾಗಾದರೆ ಇಲ್ಲಿ ಏನು ಬೇಕಾದರೂ ಬರೆಯಬಹುದು. ಒಂದು ವಾರ ಯೋಚಿಸುತ್ತೇನೆ."

"ಅದು ಬೇಡ," ಅಂದ ಹಿಂದಿನಿಂದ. "ಮೇಡಂ. ಒಂಬತ್ತು ಬೇಡ."

ಒಂಬತ್ತನೆಯದರ ಅಂಚು ಮೇಲಿನಿಂದ ಕೆಳಗಿನವರೆಗೆ ತುಂಬಿತ್ತು.

"ನೀವು ಓದುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಸಾಹೇಬರು ಎಂಟು ತಿಂಗಳು ಕೊಟ್ಟಿದ್ದಾರೆ. ನನ್ನ ಜನ ಆರರಲ್ಲಿ ಮುಗಿಸುತ್ತಾರೆ. ಇಪ್ಪತ್ತು ವರ್ಷದಲ್ಲಿ ನಾನು ಕೆಲಸ ನಿಧಾನ ಮಾಡಿದವನಲ್ಲ. ಈ ಸಲ ಮಾಡುತ್ತಿದ್ದೇನೆ. ಎರಡು ತಿಂಗಳಿಗೆ ಎಂಟೊಂಬತ್ತು ಗುರುವಾರ ಸಿಗುತ್ತದೆ. ನೀವು ಬಂದು ಗಾರೆ ಸರಿಯಿಲ್ಲ, ಗೆರೆ ಸರಿಯಿಲ್ಲ ಎಂದು ಬೈದು ಹೋಗುತ್ತೀರಿ. ಆಮೇಲೆ ವಾರ ಪೂರ್ತಿ ಕೈ ಹಗುರಾಗಿರುತ್ತದೆ. ಎದುರಿಗೆ ಇದನ್ನು ಹೇಳಲು ನನಗೆ ಬರುವುದಿಲ್ಲ. ಕಲ್ಲಿಗಾದರೂ ಹೇಳಬಹುದಿತ್ತು. ಆದರೆ ಕಲ್ಲುಗಳು ನಿಮ್ಮ ಕಡೆ."

ಎರಡು ಸಲ ಓದಿದೆ. ಕಣ್ಣು ಮಂಜಾಯಿತು. ಆಮೇಲೆ, ಎಲ್ಲಿತ್ತೋ, ಸಿಟ್ಟು ನೆತ್ತಿಗೇರಿತು.

"ನಾನು ಓದ್ತಿಲ್ಲ ಅಂತ ನಿಮಗೆ ಗೊತ್ತಿತ್ತು!"

"ಏಳರಲ್ಲಿ ಗೊತ್ತಾಯ್ತು."

"ಅಂದ್ರೆ ಐದನೇದೂ ಓದಿಲ್ಲ ಅಂತ ಗೊತ್ತಾಯ್ತು ತಾನೆ? ನಂಬರ್ ವಿಷಯ ನನಗೆ ತಿಳಿದಿಲ್ಲ ಅಂತ ಗೊತ್ತಾಯ್ತು ತಾನೆ? ಒಂದು ಫೋನ್ ಮಾಡೋಕೆ ಏನು ಧಾಡಿ?"

"ಮಾಡ್ಬೇಕು ಅಂತಿದ್ದೆ."

"ಮತ್ತೆ?"

"ಹೇಳಿದ್ರೆ ನೀವು ಓದೋಕೆ ಶುರು ಮಾಡ್ತಿದ್ರಿ." ಅವನು ಕುಂಚದ ಕೂದಲನ್ನು ಬೆರಳಿನಿಂದ ನೆಟ್ಟಗೆ ಮಾಡುತ್ತಿದ್ದ. "ಆಮೇಲೆ ನಾನು ಬರೆಯೋ ಹಾಗಿರಲಿಲ್ಲ."

"ನೂರ ಹದಿಮೂರು ಕಲ್ಲು ಸ್ವಾಮಿ! ಆರುನೂರು ವರ್ಷ ನಿಂತಿದ್ದ ಗೋಡೆ! ಅದನ್ನ ನೀವು, ಒಂದು, ಒಂದು..." ಪದ ಸಿಗಲಿಲ್ಲ. "ಅಂಚಿಗೋಸ್ಕರ!"

"ಹೂಂ," ಅಂದ. ಆಮೇಲೆ ತಲೆ ಎತ್ತಿದ. "ನೀವ್ಯಾಕೆ ಓದ್ಲಿಲ್ಲ?"

ಇದಕ್ಕೆ ಉತ್ತರ ಇತ್ತು. ಆದರೆ ಅದಕ್ಕಿಂತ ಮುಂಚೆ ಹೇಳಬೇಕಾದದ್ದು ಇನ್ನೊಂದಿತ್ತು. ಅದು ನಾಲಿಗೆಯ ಮೇಲೆ ಬೆಳಿಗ್ಗೆಯಿಂದ ಕಲ್ಲಿನ ಹಾಗೆ ಕೂತಿತ್ತು.

"ನಾನು ಸಾಹೇಬರಿಗೆ ಮೇಲ್ ಕಳಿಸಿದ್ದೀನಿ," ಅಂದೆ. "ತಪ್ಪು ನಿಮ್ಮದು ಅಂತ."

ಅವನ ಮುಖದಲ್ಲಿ ಏನೂ ಆಗಲಿಲ್ಲ. ಕೈ ಮಾತ್ರ ನಿಂತಿತು.

"ಯಾವಾಗ?"

"ನಿನ್ನೆ."

"ಅಂದ್ರೆ ಬೆಳಿಗ್ಗೆ ಬೆಟ್ಟ ಹತ್ತುವಾಗ..."

"ಹೂಂ."

"ಕಿತ್ತಳೆ ತಿನ್ನುವಾಗ..."

"ಹೂಂ."

ಅವನು ಹೆಬ್ಬಾಗಿಲಿನ ಕಡೆ ನೋಡಿದ. ಕಮಾನಿನ ಮೇಲೆ ಗೋಡೆ ಇದ್ದ ಜಾಗದಲ್ಲಿ ಆಕಾಶವಿತ್ತು. "ನನ್ನ ಜೊತೆ ಆರು ಜನ ಇದ್ದಾರೆ," ಅಂದ. "ಅವರಿಗೆ ಇವತ್ತೇ ಹೇಳ್ಬೇಕು." ಟೇಪನ್ನು ಸುತ್ತಿ, ಮುಂದಿನ ಕಲ್ಲಿನ ಹತ್ತಿರ ಹೋಗಿ ಮಂಡಿಯೂರಿದ. "ಛ-ಹನ್ನೆರಡು. ಅಗಲ ಹೇಳಿ."

ಬೈದಿದ್ದರೆ ಚೆನ್ನಾಗಿತ್ತು. ನಾಳೆ ಇಲ್ಲಿ ಇರುವುದಿಲ್ಲ ಅಂತ ಗೊತ್ತಾದ ಮೇಲೂ ಗೋಡೆಯನ್ನು ಸರಿ ಮಾಡಿಟ್ಟು ಹೋಗಲು ಕೂತಿರುವ ಮನುಷ್ಯನನ್ನು ಏನು ಮಾಡುವುದು? ನನಗೆ ಅವನನ್ನು ಹೊಡೆಯಬೇಕೆನಿಸಿತು, ಆಮೇಲೆ ಅವನ ಪಕ್ಕದಲ್ಲಿ ಆ ಹುಲ್ಲಿನ ಮೇಲೇ ಕೂತುಬಿಡಬೇಕೆನಿಸಿತು.

"ಏಳಿ," ಅಂದೆ.

"ಇನ್ನೂ ಇಪ್ಪತ್ತೆರಡು ಕಲ್ಲಿದೆ."

"ಏಳು ಅಂದೆ! ಬಾ ನನ್ನ ಜೊತೆ."

ಏಳು, ಬಾ. ಬಹುವಚನ ಎಲ್ಲಿ ಬಿದ್ದುಹೋಯಿತೋ, ಹುಡುಕಲು ಪುರು‌ಸೊತ್ತಿರಲಿಲ್ಲ.

ಬುರುಜಿನ ಐದನೇ ಮೆಟ್ಟಿಲ ಮೇಲೆ ಅಜ್ಜಿ ನಿಂತಿದ್ದರು. ಮೊಮ್ಮಗಳಿಗೆ ಆಕಾಶ ತೋರಿಸುತ್ತಿದ್ದರು, ಕೋಟೆ ಅಂದುಕೊಂಡು. ಕೈ ಮುಗಿದು ಎರಡು ನಿಮಿಷ ಕೇಳಿದೆ. "ಬೇಗ ಮುಗಿಸಮ್ಮ, ಅವಳು ಸ್ನಾನಕ್ಕೆ ಹೋಗ್ಬೇಕು," ಎಂದು ನಾಲ್ಕನೇ ಮೆಟ್ಟಿಲಿಗೆ ಇಳಿದು ಅಲ್ಲೇ ನಿಂತರು. ಮೇಸ್ತ್ರಿ ಮೂರರಲ್ಲಿ.

ಆ ಕಡೆ ಫೋನೆತ್ತಿದಾಗ ಡ್ರಿಲ್ಲಿನ ಸದ್ದು. ಯಾರೋ ಹೆಂಗಸು, "ಏಣಿ ಬಿಡ್ಬೇಡಿ ಅಂದ್ನಲ್ಲ," ಅಂದರು.

"ಬೇಗ ಹೇಳಿ," ಅಂದರು ಸಾಹೇಬರು.

"ಸರ್, ನಿನ್ನೆ ಕಳಿಸಿದ ಮೇಲ್..."

"ನೋಡಿದೆ. ಮೇಸ್ತ್ರಿಗೆ ನಾಳೆ ಹೇಳ್ತೀನಿ."

"ಹೇಳ್ಬೇಡಿ ಸರ್. ಅದು ತಪ್ಪು."

"ಫೋಟೊ ಕಳಿಸಿದ್ದೀರಲ್ರೀ?"

"ಫೋಟೊ ಸರಿ, ಮೇಲ್ ತಪ್ಪು. ಒಳಗಿನಿಂದ ಎಣಿಸ್ಲಾ ಅಂತ ಅವರು ಐದನೇ ಶೀಟಿನ ಅಂಚಲ್ಲಿ ಕೇಳಿದ್ದಾರೆ. ನಿಯಮದ ಪ್ರಕಾರ. ತಾರೀಖು, ಸಹಿ ಎಲ್ಲಾ ಇದೆ. ನಾನು ಓದಿಲ್ಲ."

"ಓದಿಲ್ಲ ಅಂದ್ರೆ? ಕೈಬರಹ ಅರ್ಥ ಆಗ್ಲಿಲ್ವಾ?"

"ಕೈಬರಹ ಚೆನ್ನಾಗಿದೆ ಸರ್."

"ಮತ್ತೆ?"

ಹಿಂದೆ ತಿರುಗಿ ನೋಡಿದೆ. ಅವನು ತಲೆ ಅಲ್ಲಾಡಿಸುತ್ತಿದ್ದ: ಬೇಡ, ಬಿಡಿ, ಬೇಡ. ಏಳನೇ ಶೀಟಿನ ಬುರುಜಿನ ವಿಷಯ ಹೇಳಿ ತಾನೂ ಪಾಲುದಾರ ಅನ್ನಲು ಬಾಯಿ ತೆರೆದ. ನಾನು ಕೈ ಅಡ್ಡ ಹಿಡಿದೆ.

"ಎಷ್ಟು ಶೀಟು ಓದಿಲ್ಲ?" ಸಾಹೇಬರು ಕೇಳಿದರು.

"ಐದು ಸರ್."

"ಐದಾ? ಕಾರಣ ಹೇಳ್ರೀ. ನಾನು ವರದೀಲಿ ಬರೀಬೇಕು."

"ಓದಿದ್ರೆ ನನಗೆ ಗೆರೆ ಎಳೆಯೋಕೆ ಆಗಲ್ಲ ಸರ್."

"ಏನು? ಗಾಳಿ. ಜೋರಾಗಿ ಹೇಳಿ."

ಜೋರಾಗಿ ಹೇಳಿದೆ. ಇಡೀ ದಿನದ ರೇಗಾಟವೆಲ್ಲ ಆ ದನಿಗೆ ಬಂದು ಸೇರಿತು. "ಆತ ಬರೆದದ್ದು ಓದಿದ್ರೆ ನನ್ನ ಕೈ ನಿಲ್ಲಲ್ಲ ಸರ್! ನಾಲ್ಕನೇ ಶೀಟನ್ನ ಹನ್ನೊಂದು ಸಲ ಓದಿದ್ದೀನಿ! ಆಮೇಲೆ ಎಳೆದ ಗೆರೆಯೆಲ್ಲ ಅಳಿಸ್ಬೇಕಾಯ್ತು! ಗುರುವಾರ ಯಾವಾಗ ಬರುತ್ತೆ ಅಂತ ಶುಕ್ರವಾರದಿಂದಲೇ ಕಾಯ್ತೀನಿ! ಅದಕ್ಕೇ ಮಡಚಿ ಪಿನ್ನು ಹೊಡ್ದೆ!"

ಡ್ರಿಲ್ಲು ನಿಂತಿತು. ಅಂಗಳದಲ್ಲಿ ಮದುಮಗ ಕೈಯಲ್ಲಿ ಚಪ್ಪಲಿ ಹಿಡಿದುಕೊಂಡೇ ಮೇಲೆ ನೋಡುತ್ತಿದ್ದ.

ಸಾಹೇಬರು, "ಇದನ್ನ ವರದೀಲಿ ಹೇಗ್ರೀ ಬರೀಲಿ?" ಅಂದರು.

"ನಕ್ಷೆಯವರ ಅಲಕ್ಷ್ಯ ಅಂತ ಬರೀರಿ ಸರ್."

"ಬರೀತೀನಿ. ನಾಳೆಯಿಂದ ಆ ಕೋಟೆಗೆ ನೀವು ಬೇಡ. ಬೇರೆಯವರನ್ನ ಕಳಿಸ್ತೀನಿ. ನೀವು ಆಫೀಸಲ್ಲಿ ಕೂತು ಹಳೇ ನಕ್ಷೆಗಳನ್ನ ಸ್ಕ್ಯಾನ್ ಮಾಡಿ, ಕೆಲಸ ಮುಗಿಯೋವರೆಗೂ."

"ಸರಿ ಸರ್."

"ಮೇಸ್ತ್ರಿ ಇರಲಿ. ಸಂಜೆಯೊಳಗೆ ನಂಬರೆಲ್ಲ ಸರಿಯಾಗಿರ್ಬೇಕು." ಆಮೇಲೆ, ಬಾಯಿಗೆ ಕೈ ಅಡ್ಡ ಇಟ್ಟ ಹಾಗೆ, "ಅಲ್ರೀ, ಅಂಥದ್ದೇನು ಬರೆದಿದ್ದ?" ಅಂದರು. "ಏಣಿ!" ಎಂದು ಆ ಹೆಂಗಸು ಕಿರುಚಿದ್ದು ಕೇಳಿಸಿತು. ಫೋನು ಕಟ್ಟಾಯಿತು.

"ಮುಗೀತಾ?" ಅಂದರು ಅಜ್ಜಿ. "ಅಲ್ಲಮ್ಮ, ಇದನ್ನೆಲ್ಲ ಆ ಯಪ್ಪನಿಗ್ಯಾಕೆ ಹೇಳ್ದೆ? ಇವನು ಇಲ್ಲೇ ನಿಂತಿದ್ದಾನಲ್ಲ."

ಮೆಟ್ಟಿಲಿಳಿದು ಬಂದೆ. ಅವನು ನನ್ನ ಹಿಂದೆ ಬಂದ. ಗೋಡೆಯ ಹತ್ತಿರ, ಹುಲ್ಲಿನ ಮೇಲೆ, ಇಬ್ಬರೂ ನಿಂತೆವು. ನಾನು ಅವನ ಅಂಗಿಯ ಗುಂಡಿ ನೋಡುತ್ತಿದ್ದೆ. ಎರಡನೆಯದು ಬೇರೆ ಬಣ್ಣದ್ದು.

"ಗುರುವಾರ ಬೇರೆಯವರು ಬರ್ತಾರೆ," ಅಂದ.

"ಹೂಂ."

"ಯಾರು?"

"ಯಾರೋ. ಅಂಚು ಓದೋರು."

"ಅವರಿಗೆ ನಾನು ಏನು ಬರೀಲಿ?"

"ಅಳತೆ ಬರಿ. ಗಾರೆ ಬರಿ. ಇಪ್ಪತ್ತು ವರ್ಷ ಬರೆದಿಲ್ವಾ?"

ಅವನು ಜೇಬು ತಡಕಿದ. ಒಂದು, ಇನ್ನೊಂದು, ಚೀಲದ ಹೊರಜೇಬು. "ಪೆನ್ಸಿಲ್ ಇದೆಯಾ?"

"ಯಾಕೆ?"

"ಒಂದು ಬರೀಬೇಕಿತ್ತು."

ಪೆನ್ಸಿಲ್ ನನ್ನ ಕೂದಲಿನಲ್ಲಿ ಸಿಕ್ಕಿಸಿತ್ತು. ಅವನಿಗೆ ಕಾಣಿಸುತ್ತಿತ್ತು. ಅವನು ಕೈ ಚಾಚಿದ. ನಾನು ಒಂದು ಹೆಜ್ಜೆ ಹಿಂದೆ ಸರಿದೆ.

"ಇದೆ. ಕೊಡಲ್ಲ."

"ಮೇಡಂ."

"ಕೊಡಲ್ಲ. ಬಾಯಲ್ಲಿ ಹೇಳು. ನಾನು ಬೆಟ್ಟದ ತುದೀಲಿ ನಿಂತು ಇಂಜಿನಿಯರಿಗೆ ಕಿರುಚಿದ್ದೀನಿ. ಈ ಕೋಟೆಯ ಕೆಲಸ ಕಳ್ಕೊಂಡಿದ್ದೀನಿ. ಆ ಅಜ್ಜಿಗೆ ಗೊತ್ತು, ಆ ಮದುಮಗನಿಗೆ ಗೊತ್ತು. ಸಾಹೇಬರ ಹೆಂಡತಿ ಏಣಿ ಮೇಲಿಂದ ಕೇಳಿಸ್ಕೊಂಡಿದ್ದಾರೆ. ನೀನೊಬ್ಬ ಪೆನ್ಸಿಲ್ ಹುಡುಕ್ತಿದ್ದೀಯ!"

ಅವನು ಹುಲ್ಲು ನೋಡಿದ. ಕಮಾನು ನೋಡಿದ. ತನ್ನ ಅಂಗೈಗಳನ್ನು, ಅವುಗಳಲ್ಲೇನಾದರೂ ಬರೆದಿದೆಯೋ ಎಂಬಂತೆ, ತಿರುಗಿಸಿ ನೋಡಿದ. ಒಂದು ಕಲ್ಲನ್ನು ಬಂಡಿಯ ಮೇಲೆ ಎತ್ತುವಷ್ಟು ಹೊತ್ತು ಹಿಡಿಯಿತು.

"ನನಗೆ," ಅಂದ. ನಿಂತ. "ನಿಮ್ಮನ್ನ ಕಂಡ್ರೆ ಇಷ್ಟ. ಬಹಳ. ನನ್ನನ್ನ ಮದುವೆ ಆಗ್ತೀರಾ?"

ಗಾಳಿ ಜೋರಾಗಿತ್ತು.

"ಏನು? ಕೇಳಿಸ್ಲಿಲ್ಲ," ಅಂದೆ.

ಅವನು ಮತ್ತೆ ಹೇಳಿದ, ಪ್ರತಿ ಪದದ ಮಧ್ಯೆ ಒಂದು ಕಲ್ಲಿಡುವಷ್ಟು ಜಾಗ ಬಿಟ್ಟು.

"ಇನ್ನೂ ಜೋರಾಗಿ."

ಕೇಳಿಸಿತ್ತು, ಮೊದಲ ಸಲವೇ. ಮೂರನೇ ಸಲ ಹೇಳುವಾಗ ಅವನಿಗೂ ರೇಗಿತು.